ಆಡು ನಮ್ಮ ಕಿಟಕಿಯನ್ನು ತಿನ್ನಲಿಲ್ಲ

“ಮೇಲವಂಕಿ ಚನ್ನಪ್ಪ ಕಾಕಾ ಕಿಡಕಿಗೆ ಕರದಂಟ ಬಡದ. ಆಡ ಬಂದು ಕಿಡಕೀನ ತಿಂದು ಹೋತು. ಬಾಣಂತಿ ಮಗಳು ತವರಮನಿ ಹೊಸ್ತಲಾ ತುಳೀಲಾರದ ಘೋಡಗೇರಿಗೆ ಹೊಳ್ಳಿ ಹೋದ್ಳು.”

ಇದು ಸದ್ಯ ಪ್ರಚಾರದಲ್ಲಿರುವ ಕಥೆ. ಮೂಡಲಗಿಯ ಸಂತೆಯಲ್ಲಿ ಇದನ್ನು ಹೇಳುತ್ತಾರೆ. ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಹೇಳುತ್ತಾರೆ. ಅರಭಾವಿಯ ಚಹಾದಂಗಡಿಯಲ್ಲಿ ತೋಟಗಾರಿಕೆ ಕಲಿಯುವ ಹುಡುಗರು, ಆ ಚನ್ನಪ್ಪ ನಾನೇ ಎಂದು ತಿಳಿಯದೆ, ನನಗೇ ಇದನ್ನು ಹೇಳಿ ತೊಡೆ ತಟ್ಟಿಕೊಂಡು ನಕ್ಕರು. ನಾನು ಚಹಾ ಮುಗಿಯುವವರೆಗೂ ಗಂಭೀರವಾಗಿ ಕೇಳಿದೆ. ಕಥೆಯಲ್ಲಿ ಇರುವುದು ಮೂರು ವಾಕ್ಯ. ಮೂರೂ ಸುಳ್ಳು!

ಸತ್ಯವು ಇದಕ್ಕಿಂತ ಹೆಚ್ಚು ಗೌರವಯುತವಾಗಿದೆ ಎಂದು ನಾನು ಹೇಳುವುದಿಲ್ಲ. ಸತ್ಯವು ಬೇರೆ ಎಂದಷ್ಟೇ ಹೇಳುತ್ತೇನೆ.

ನಾನು ಸಾಲಿ ಕಲಿತದ್ದು ಕಡಿಮೆ. ಓದಿದ್ದು ಹೆಚ್ಚು. ಕಿರಾಣಿ ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ ಬೆಳೆದವನು. ಹಾಗೆ ಬೆಳೆದವನಿಗೆ ಒಂದು ಅಭ್ಯಾಸ ಹತ್ತುತ್ತದೆ: ಹತ್ತು ಜನ ಹೇಳಿದ ಮಾತನ್ನು ಹನ್ನೊಂದನೆಯವನಾಗಿ ಒಪ್ಪುವ ಮೊದಲು ಒಮ್ಮೆ ಮುಟ್ಟಿ ನೋಡುವುದು. ಗ್ರಹಣ ಹಿಡಿದಾಗ ನೀರಿನ ಪರಾತದಲ್ಲಿ ಒನಕೆ ತಾನಾಗಿಯೇ ನಿಲ್ಲುತ್ತದೆ ಎಂದು ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದರು. ಗ್ರಹಣವಿಲ್ಲದ ಒಂದು ಸಾಮಾನ್ಯ ಸೋಮವಾರ ನಾನು ಒನಕೆ ನಿಲ್ಲಿಸಿ ತೋರಿಸಿದೆ. ಅಂದಿನಿಂದ ಓಣಿಯ ಹಿರಿಯ ಹೆಂಗಸರು ನನ್ನೊಡನೆ ಮಾತು ಕಡಿಮೆ ಮಾಡಿದರು. ಸತ್ಯಶೋಧಕನಿಗೆ ಇದು ತಪ್ಪಿದ್ದಲ್ಲ.

ಈಗ ಕಿಟಕಿಯ ವಿಷಯ.

ನನ್ನ ಕಿರಿಯ ಮಗಳು ಶಿವಲೀಲಾಳನ್ನು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರಿನ ಹಕ್ಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಚರ್ಚೆ ಎಬ್ಬಿಸಿದವರು ನಮ್ಮ ಬೀಗಿತಿ ಮಹಾದೇವಮ್ಮ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದಾಗ, ಬಾಣಂತಿಗೆಂದು ನಾವು ಗೊತ್ತು ಮಾಡಿದ್ದ ಪಡುವಣ ಖೋಲಿಯಲ್ಲಿ ಅವರನ್ನು ಕೂರಿಸಿದ್ದೆವು. ಆ ಖೋಲಿಯ ಕಿಟಕಿ ರಸ್ತೆಗೆ ತೆರೆದುಕೊಳ್ಳುತ್ತದೆ. ರಸ್ತೆಯ ಆಚೆ ಬಸ್ಸಿಗೆ ನಿಲ್ಲುವ ಬೇವಿನಮರ. ಬಿಸಿಲು ಮತ್ತು ಜನ, ಎರಡೂ ಮಧ್ಯಾಹ್ನದಿಂದ ಸಂಜೆಯವರೆಗೆ ನೇರವಾಗಿ ಒಳಗೆ ನೋಡುತ್ತವೆ. ಬೀಗಿತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಆರತಿಗೆ ಬಂದ ಎಲ್ಲ ಹೆಂಗಸರ ಎದುರು ಹೇಳಿದರು:

“ಬೀಗರ, ಈ ಖೋಲಿ ರೊಟ್ಟಿ ಬೇಯ್ಸಾಕ ಭೇಷ್ ಐತಿ. ಕೂಸ ಮಲಗಸಾಕಲ್ಲ. ಮ್ಯಾಲ ಬಸ್ಸಿಗೆ ನಿಂತಾವ್ರೆಲ್ಲಾ ಬಾಣಂತಿ ಮಾರಿ ನೋಡ್ಕೋತ ನಿಂದ್ರತಾರ. ದವಾಖಾನಿಯಿಂದ ನಾವ ಸೀದಾ ಘೋಡಗೇರಿಗೆ ಕರ್ಕೊಂಡ ಹೊಕ್ಕೇವಿ.”

“ಖೋಲಿ ತಂಪ ಮಾಡಿ ತೋರಸ್ತೇನಿ,” ಎಂದೆ.

“ತೋರಸ್ರಿ, ನೋಡೂಣು. ಆಗಲಿಲ್ಲಂದ್ರ ಗಾಡಿ ತಿರಗಸ್ತೇವಿ,” ಎಂದರು.

ಮಗಳು ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಎಲ್ಲಿಗೆ ಬರುವ ಮನಸ್ಸಿತ್ತೆಂದು ನನಗೆ ಗೊತ್ತಿತ್ತು. ಆಕೆಗೆ ಕೊಟ್ಟ ಮಾತಿನಂತೆ ಅದು ನನ್ನ ಎದೆಯ ಮೇಲೆ ಕೂತಿತು.

“ಒಂದ ಪರದಿ ಕಟ್ಟಿದ್ರ ಆಗೂದಿಲ್ಲೇನ್ರಿ?” ಎಂದು ನನ್ನ ಹೆಂಡತಿ ನೀಲವ್ವ ಕೇಳಿದಳು.

ಪರದೆ ಕಣ್ಣನ್ನು ತಡೆಯುತ್ತದೆ, ಕಾವನ್ನು ತಡೆಯುವುದಿಲ್ಲ. ಇದನ್ನು ಆಕೆಗೆ ವಿವರಿಸುವ ಹೊತ್ತಿಗೆ ಆಕೆ ಅಡುಗೆಮನೆಗೆ ಹೋಗಿಯಾಗಿತ್ತು.

ನನ್ನ ದೃಷ್ಟಿ ಇದ್ದದ್ದು ಗೋಕಾಕದ ಒಂದು ಗಾಜಿನ ಅಂಗಡಿಯ ಮೇಲೆ. ಅಲ್ಲಿ ಒಂದು ಬಗೆಯ ಫಿಲ್ಮ್ ಸಿಗುತ್ತದೆ. ಕಿಟಕಿಯ ಗಾಜಿಗೆ ಹಚ್ಚಿದರೆ ಹಗಲಿನಲ್ಲಿ ಹೊರಗಿನವರಿಗೆ ಕನ್ನಡಿಯಂತೆ ಕಾಣುತ್ತದೆ; ಒಳಗಿದ್ದವರಿಗೆ ಹೊರಗೆಲ್ಲ ಕಾಣುತ್ತದೆ; ಬಿಸಿಲಿನ ಕಾವೂ ತಗ್ಗುತ್ತದೆ. ನಮ್ಮ ಜನ ಇದನ್ನು ಕಿಡಕಿ ಹಾಳಿ ಎನ್ನುತ್ತಾರೆ. ಅಂಗಡಿಯವನು ಹಾಳೆಯನ್ನು ಕತ್ತರಿಸಿ, ಸುತ್ತಿ, ಕೊಡುವ ಮೊದಲು ಉಪದೇಶ ಸುರುಮಾಡಿದ.

“ಕಾಕಾ, ಮೂಡಲಗಿಯಿಂದ ನಮ್ಮ ಮನಶ್ಯಾ ಬಂದು ಹಚ್ಚಿ ಹೊಕ್ಕಾನ.”

“ನನಗ ಕೈ ಅದಾವ.”

“ಹಂಗಾದ್ರ ಕೇಳ್ರಿ. ಗಾಜಿನ ಒಳಗಿನ ಬಾಜೂ ಹಚ್ಚಬೇಕು. ಶಾಂಪೂ ಕಲಸಿದ ನೀರ ಹೊಡೀಬೇಕು. ಆದ್ರ ಮೊದಲ ಅದರ…”

“ಸಾಕೋ ತಮ್ಮಾ,” ಎಂದು ನಾನು ಕೈಯೆತ್ತಿದೆ. “ಉಳಿದದ್ದು ನನಗ ತಿಳೀತೈತಿ.”

ಆ ವಾಕ್ಯ ಇಂದಿಗೂ ಆ ಅಂಗಡಿಯಲ್ಲಿ ಅರ್ಧಕ್ಕೇ ನಿಂತಿದೆ.

ಆದರೆ ನನ್ನ ತರ್ಕವನ್ನು ಓದುಗರು ನಿಷ್ಪಕ್ಷಪಾತವಾಗಿ ಪರಿಶೀಲಿಸಬೇಕು. ಮೊದಲನೆಯದಾಗಿ, ಬಿಸಿಲು ಬರುವುದು ಹೊರಗಿನಿಂದ. ಕಳ್ಳನನ್ನು ಬಾಗಿಲ ಹೊರಗೆ ತಡೆಯಬೇಕೋ, ಒಳಗೆ ಬಿಟ್ಟುಕೊಂಡು ತಡೆಯಬೇಕೋ? ಆದ್ದರಿಂದ ಹಾಳೆಯನ್ನು ಗಾಜಿನ ಹೊರಮೈಗೇ ಹಚ್ಚಬೇಕು. ಎರಡನೆಯದಾಗಿ, ಶಾಂಪೂ ಜಾರುವ ವಸ್ತು. ಬಚ್ಚಲಲ್ಲಿ ಅದರ ಮೇಲೆ ಕಾಲಿಟ್ಟವರಿಗೆಲ್ಲ ಇದು ಗೊತ್ತು. ಜಾರಿಸುವ ವಸ್ತು ಹಿಡಿಸುವುದು ಹೇಗೆ? ನೀವೇ ಹೇಳಿ!

ಹೇಳಬೇಡಿ. ಆಮೇಲೆ ಹಲವರು ಹೇಳಿದ್ದಾರೆ.

ಗೋಕಾಕದ ದವಾಖಾನೆಯಲ್ಲಿ ಮಗಳು ಹೆಣ್ಣು ಕೂಸನ್ನು ಹಡೆದಳು. ಹೆರಿಗೆ ಕಷ್ಟವಾಯಿತು, ಹೊಟ್ಟೆ ಕೊಯ್ದೇ ತೆಗೆಯಬೇಕಾಯಿತು. ನೀಲವ್ವ ಅಲ್ಲಿಯೇ ಉಳಿದಳು. ಸೋಮವಾರ ಬಿಡುತ್ತಾರೆ, ಬೀಗಿತಿಯೂ ಜೊತೆಗೆ ಬರುತ್ತಾರೆ, ಖೋಲಿ ನೋಡಿಯೇ ನಿರ್ಧಾರ ಎಂದು ಫೋನಿನಲ್ಲಿ ತಿಳಿಸಿದಳು. ಕೊನೆಗೆ ಒಂದು ಮಾತು ಸೇರಿಸಿದಳು:

“ಒಳಗ ಬಾಣಂತಿ ಉಂಡಿಗಂತ ಅಂಟು, ಬೆಲ್ಲ ತಂದ ಡಬ್ಬಿ ತುಂಬಸೇನಿ. ನೋಡ್ಕೋರಿ. ಇರವಿ ಹತ್ಯಾವು!”

“ನಾ ಇರೂತನಕ ಒಂದ ಇರವಿ ಸೈತ ಹತ್ತೂದಿಲ್ಲ,” ಎಂದೆ. ಈ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಡಬ್ಬಿಗೆ ಒಂದೇ ಒಂದು ಇರುವೆ ಹತ್ತಲಿಲ್ಲ. ಡಬ್ಬಿಯಲ್ಲಿ ಏನೂ ಉಳಿದಿರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸಕ್ಕೆ ನಿಂತೆ. ನಮ್ಮ ಕಿಟಕಿಗೆ ಎರಡು ಬಾಗಿಲು; ಒಂದೊಂದಕ್ಕೆ ಮೇಲೊಂದು, ಕೆಳಗೊಂದು ಗಾಜು. ಹಿಂದೆ ಕಬ್ಬಿಣದ ಸರಳುಗಳು. ಗಾಜನ್ನು ಹೊರಗಿನಿಂದ ತೊಳೆದೆ. ಹಾಳೆಯನ್ನು ಅಳತೆಗೆ ಕತ್ತರಿಸಿದೆ. ನೀರು ಚಿಮುಕಿಸಿ ಗಾಜಿಗೆ ಒತ್ತಿದೆ. ಕೈ ಬಿಟ್ಟೆ. ಹಾಳೆ ನೆಲಕ್ಕೆ ಬಂತು.

ಮತ್ತೆ ಒತ್ತಿದೆ. ಮತ್ತೆ ಬಂತು.

ಬಾಜೂ ಮನೆಯ ಪಾರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. “ಕಾಕಾ, ಅದಕ ಅಂಟ ಇಲ್ಲೇನ?” ಎಂದಳು.

ನಾನು ಹಾಳೆಯನ್ನು ಎರಡೂ ಕಡೆ ಬೆರಳಿನಿಂದ ಸವರಿ ನೋಡಿದೆ. ಎರಡೂ ಕಡೆ ಕೆನೆ ತೆಗೆದ ಹಾಲಿನಂತೆ ನುಣುಪು. ಅಂಟಿನ ಸುಳಿವಿಲ್ಲ! ಅಂಗಡಿಯವನು ಅಂಟಿಲ್ಲದ ಹಾಳೆಯನ್ನು ಕಟ್ಟಿಕೊಟ್ಟಿದ್ದಾನೆ! ಶಾಂಪೂವಿನ ಉಪದೇಶದ ಮರ್ಮ ಆಗ ನನಗೆ ಹೊಳೆಯಿತು. ಗಿರಾಕಿ ಶಾಂಪೂ ಹಚ್ಚಿ ಜಾರಿಸುತ್ತ ಕೂರಲಿ, ತಪ್ಪು ತನ್ನದೇ ಎಂದುಕೊಳ್ಳಲಿ!

ಬೇರೆಯವನಾಗಿದ್ದರೆ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಜಗಳ ತೆಗೆಯುತ್ತಿದ್ದ. ನಾನು ಜಗಳಕ್ಕಿಂತ ಪರಿಹಾರವನ್ನು ಹುಡುಕುವವನು. ಪರಿಹಾರ ಮನೆಯೊಳಗೇ, ಡಬ್ಬಿಯಲ್ಲಿ ಇತ್ತು.

ಅಂಟು! ಮರದಿಂದ ಒಸರಿ ಹರಳುಗಟ್ಟಿದ ಶುದ್ಧ ಅಂಟು. ನಮ್ಮ ಗೋಕಾಕ ಸೀಮೆಯವರಿಗೆ ಅದನ್ನು ಪರಿಚಯ ಮಾಡಿಕೊಡಬೇಕಿಲ್ಲ. ತುಪ್ಪದಲ್ಲಿ ಕರಿದರೆ ಕರದಂಟಿಗೆ ಸೇರುತ್ತದೆ. ಉಂಡಿ ಕಟ್ಟಿದರೆ ಬಾಣಂತಿಯ ಹೊಟ್ಟೆಗೆ ಸೇರುತ್ತದೆ. ಹಸಿಯದನ್ನು ನೀರಿನಲ್ಲಿ ನೆನೆಹಾಕಿದರೆ, ಹಿಂದಿನ ಕಾಲದಲ್ಲಿ ಲಕೋಟೆ ಅಂಟಿಸುತ್ತಿದ್ದದ್ದೂ ಅದೇ. ಬಾಣಂತಿಯ ಸೊಂಟವನ್ನೇ ಹಿಡಿದು ನಿಲ್ಲಿಸುವ ಅಂಟಿಗೆ ಒಂದು ಹಾಳೆಯನ್ನು ಹಿಡಿದು ನಿಲ್ಲಿಸುವುದು ಯಾವ ದೊಡ್ಡ ಮಾತು?

ಆದ್ದರಿಂದ ಪ್ರಚಲಿತ ಕಥೆಯ ಮೊದಲ ವಾಕ್ಯ ಇಲ್ಲಿಗೆ ಬಿತ್ತು. ನಾನು ಕಿಟಕಿಗೆ ಕರದಂಟು ಬಡಿಯಲಿಲ್ಲ. ಕರದಂಟಿನಲ್ಲಿ ಖೊಬ್ಬರಿ, ಗೋಡಂಬಿ, ಗಸಗಸೆ ಇರುತ್ತವೆ. ಅವು ಯಾವುವನ್ನೂ ನಾನು ಕಿಟಕಿಗೆ ಹಾಕಲಿಲ್ಲ. ನಾನು ಹಾಕಿದ್ದು ಅಂಟು ಮತ್ತು ಬೆಲ್ಲ, ಎರಡೇ!

ಬೆಲ್ಲ ಎಲ್ಲಿಂದ ಬಂತು ಎಂದರೆ, ಅಂಟು ಮೊದಲನೆಯ ಗಾಜಿಗೇ ಮುಗಿದುಹೋಯಿತು. ಮೇಲಿನ ಎಡಗಾಜಿಗೆ ಸುಣ್ಣದ ಕುಂಚದಿಂದ ದಪ್ಪನಾಗಿ ಬಳಿದು ಹಾಳೆ ಒತ್ತಿದೆ. ಗೋಡೆಗೆ ಗಿಲಾವು ಹಿಡಿದಂತೆ ಹಿಡಿಯಿತು! ಉಳಿದ ಮೂರು ಗಾಜುಗಳಿಗೆ ಡಬ್ಬಿಯ ತಳದ ಪುಡಿಯಷ್ಟೇ ಇತ್ತು. ಬೆಲ್ಲದ ಗಟ್ಟಿ ಪಾಕ ಎಳೆದು, ಆ ಪುಡಿಯನ್ನು ಕಲಸಿ ಮಂದ ಮಾಡಿ ಬಳಿದೆ. ಪಾಕ ಬೆರಳಿಗೆ ಎಷ್ಟು ಚೆನ್ನಾಗಿ ಅಂಟಿತೆಂದರೆ, ಮಧ್ಯಾಹ್ನ ರೊಟ್ಟಿ ಮುರಿಯುವಾಗ ರೊಟ್ಟಿ ಕೈ ಬಿಡಲಿಲ್ಲ. ಇದಕ್ಕಿಂತ ಉತ್ತಮ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲಿ ಸಿಕ್ಕೀತು?

ಸಂಜೆಯ ಹೊತ್ತಿಗೆ ನಾಲ್ಕೂ ಗಾಜುಗಳು ಕನ್ನಡಿಯಾಗಿ ಹೊಳೆದವು. ನಾನು ರಸ್ತೆಯಲ್ಲಿ ನಿಂತು, ಅವುಗಳಲ್ಲಿ ನೋಡಿಕೊಂಡೇ ಪಟಗಾ ಸುತ್ತಿಕೊಂಡೆ. ಬಸ್ಸಿಗೆ ನಿಂತವರು ಒಬ್ಬೊಬ್ಬರಾಗಿ ದಾಟಿ ಬಂದರು. ಒಬ್ಬ ತಲೆ ಬಾಚಿಕೊಂಡ. ಒಬ್ಬಾಕೆ ಕುಂಕುಮ ತಿದ್ದಿಕೊಂಡಳು. ಇನ್ನೊಬ್ಬ ಹಲ್ಲಿನಲ್ಲಿ ಸಿಕ್ಕಿದ್ದ ಅಡಿಕೆ ಚೂರನ್ನು ತೆಗೆಯಲು ಗಾಜಿಗೆ ಬಾಯಿಯನ್ನೇ ಹಚ್ಚಿ ನಿಂತ. ಮೊದಲು ಅವರು ದೂರದ ಬೇವಿನಮರದ ಕೆಳಗಿನಿಂದ ನೋಡುತ್ತಿದ್ದರು. ಈಗ ಗೇಣು ದೂರದಿಂದ ನೋಡುತ್ತಿದ್ದರು. ಆದರೆ ನೋಡುತ್ತಿದ್ದದ್ದು ತಮ್ಮನ್ನೇ. ತತ್ವಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಪ್ರಗತಿ!

“ಭೇಷ್ ಆತ ನೋಡ್ರಿ ಕಾಕಾ,” ಎಂದಳು ಪಾರವ್ವ. “ನಾಳೆ ನಮ್ಮ ಮನಿಗೂ ಹಚ್ಚಿಕೊಡ್ರಿ.”

“ನೋಡೂಣು, ಪುರಸೊತ್ತ ಸಿಕ್ರ,” ಎಂದೆ. ಮನುಷ್ಯ ಯಶಸ್ಸಿನಲ್ಲಿ ಗಂಭೀರನಾಗಿರಬೇಕು.

ಭಾನುವಾರ ಬೆಳಗ್ಗೆ ಪಾರವ್ವನೇ ಬಾಗಿಲು ಬಡಿದಳು.

“ಕಾಕಾ, ಕಿಡಕಿ ನಡ್ಯಾಕತ್ತೈತಿ!”

ಹೊರಗೆ ಬಂದು ನೋಡಿದೆ. ಅಂಗಳದ ಮೂಲೆಯಿಂದ ಗೋಡೆಯ ಮೇಲೆ, ಗೋಡೆಯಿಂದ ಚೌಕಟ್ಟಿನ ಮೇಲೆ, ಅಲ್ಲಿಂದ ಗಾಜು ಮತ್ತು ಹಾಳೆಯ ನಡುವಿನ ಸಂದಿಯೊಳಗೆ ಇರುವೆಗಳ ದಿಂಡಿ ಹೊರಟಿತ್ತು. ಪಂಢರಪುರಕ್ಕೂ ಅಷ್ಟು ಶಿಸ್ತಿನಿಂದ ಜನ ಹೋಗುವುದಿಲ್ಲ. ಒಳಗೆ ಹೋಗಿ ನೋಡಿದರೆ ಇನ್ನೂ ಚೆಂದ. ಗಾಜಿನ ಹಿಂದೆ ಅವು ಬರುವುದು, ಹೋಗುವುದು, ಎದುರಾದವರೊಡನೆ ಮೂತಿ ತಾಗಿಸಿ ಮಾತಾಡುವುದು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಳೆಯನ್ನು ತಂದದ್ದು ಹೊರಗಿನವರು ಒಳಗೆ ನೋಡಬಾರದೆಂದು. ಈಗ ಹೊರಗಿನವರು ಚಪ್ಪಲಿ ಬಿಟ್ಟು ಒಳಗೇ ಬಂದು ನೋಡತೊಡಗಿದರು!

ಇರುವೆಗೆ ಅರಿಶಿನ ಆಗದು. ಇದನ್ನು ನಾನೇ ಪರೀಕ್ಷಿಸಿ ಒಪ್ಪಿದ್ದೇನೆ. ಕಿಟಕಿಯ ಸುತ್ತಲೂ ಗೋಡೆಗೆ ಅರಿಶಿನ ಬಳಿದೆ. ಇರುವೆಗಳು ಅಂಚಿನಲ್ಲಿ ನಿಂತು ವಿಚಾರ ಮಾಡಿದವು. ಒಳಗಿದ್ದವು ಹೊರಗೆ ಬರಲಿಲ್ಲ. ಹೊರಗಿದ್ದವು ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ಬಸ್ಸಿಳಿದ ಮುದುಕಿಯೊಬ್ಬಳು ಅರಿಶಿನ ಬಳಿದು ಫಳಫಳ ಹೊಳೆಯುತ್ತಿದ್ದ ನಮ್ಮ ಕಿಟಕಿಯನ್ನು ನೋಡಿ, ನಿಂತು, ಕೈಮುಗಿದು, ತಲೆಯಲ್ಲಿದ್ದ ಹೂವು ತೆಗೆದು ಚೌಕಟ್ಟಿಗೆ ಏರಿಸಿದಳು.

“ಯಾವ ದೇವರಪಾ ಇದು?”

“ಇದು ದೇವರಲ್ಲಬೇ. ಉಷ್ಣ ನಿವಾರಕ ಹಾಳಿ.”

“ಎಲ್ಲಾ ದೇವರೂ ಉಷ್ಣ ನಿವಾರಕನ,” ಎಂದು ಆಕೆ ಗಲ್ಲ ಬಡಿದುಕೊಂಡು ಹೋದಳು.

ಸೋಮವಾರ ಬಂತು. ಹಾಳೆ ಇನ್ನೂ ಗಾಜಿನ ಮೇಲಿತ್ತು. ಖೋಲಿಯೊಳಗೆ ಕಾವೂ ಖರೆಯೇ ತಗ್ಗಿತ್ತು. ತೊಟ್ಟಿಲು ತೊಳೆದು ಕಟ್ಟಿದ್ದೆ, ಹಾಸಿಗೆ ಬಿಸಿಲಿಗೆ ಹಾಕಿ ಒಳಗೆ ತಂದಿದ್ದೆ. ಮಧ್ಯಾಹ್ನದೊಳಗೆ ಗಾಡಿ ಬಂದಿದ್ದರೆ ನಾನು ಗೆದ್ದಿದ್ದೆ. ಆದರೆ ದವಾಖಾನೆಯವರು ಬಿಡುವುದು ತಡವಾಯಿತು. ಪಡುವಣದ ಬಿಸಿಲು ಕಿಟಕಿಗೆ ಬಿತ್ತು. ಬಿಸಿಲಿಗೆ ಪಾಕ ಕರಗುತ್ತದೆ ಎಂಬುದು ಬೆಲ್ಲದ ಗುಣ. ಅದು ನನ್ನ ತಪ್ಪಲ್ಲ. ಕೆಳಗಿನ ಎರಡು ಗಾಜುಗಳ ಅಂಚಿನಿಂದ ಕಂದು ಬಣ್ಣದ ಧಾರೆ ಗೋಡೆಯ ಮೇಲೆ ಇಳಿಯಿತು.

ಅದೇ ಹೊತ್ತಿಗೆ ಬೀರಪ್ಪ ಹಿಂಡು ಹೊಡೆದುಕೊಂಡು ಬಂದ. ಬೀರಪ್ಪ ನಮ್ಮೂರ ಕುರುಬರ ಹುರಿಯಾಳು. ಕುರಿ, ಆಡು, ಅವುಗಳ ಮುಂದೆ ಅವನ ಕಾಳಗದ ಟಗರು. ಹುರುಳಿ, ತತ್ತಿ ತಿನ್ನಿಸಿ, ಕೊಂಬಿಗೆ ಎಣ್ಣೆ ಹಚ್ಚಿ ಸಾಕಿದ ಪ್ರಾಣಿ. ಅದರ ಎದುರು ಇನ್ನೊಂದು ಟಗರನ್ನು ತರಲು ಸುತ್ತಿನ ಊರಿನವರು ಹಿಂದೆಮುಂದೆ ನೋಡುತ್ತಾರೆ.

ಮೊದಲು ಬಂದದ್ದು ಒಂದು ಕರಿ ಆಡು. ಮುಂಗಾಲು ಗೋಡೆಗಿಟ್ಟು ಧಾರೆಯನ್ನು ಮೂಸಿತು. ನೆಕ್ಕಿತು. ಉಳಿದವುಗಳಿಗೆ ತಿಳಿಸಿತು. ಕ್ಷಣದಲ್ಲಿ ನಮ್ಮ ಗೋಡೆಯ ತುಂಬ ಆಡು!

“ಕಾಕಾ, ಗ್ವಾಡಿಗೆ ಏನ ಹಚ್ಚೀರಿ? ಆಡ ಬಿಟ್ಟ ಬರವಲ್ವು!” ಎಂದು ಬೀರಪ್ಪ ಕೂಗಿದ.

ಇಲ್ಲಿ ಎರಡನೆಯ ವಾಕ್ಯವನ್ನು ಬೀಳಿಸೋಣ. ಆಡು ಕಿಟಕಿಯನ್ನು ತಿನ್ನಲಿಲ್ಲ. ನೆಕ್ಕಿತು. ತಿನ್ನುವುದಕ್ಕೂ ನೆಕ್ಕುವುದಕ್ಕೂ ಇರುವ ಅಂತರ ತಿಳಿಯದವರು ಊರಿನ ಚರಿತ್ರೆ ಹೇಳಬಾರದು. ಕಿಟಕಿ ಒಡೆದದ್ದು ಖರೆ. ಅದನ್ನು ಒಡೆದದ್ದು ಟಗರು!

ಹಿಂಡು ನಿಂತಿತೆಂದು ಟಗರು ಹೊಳ್ಳಿ ಬಂತು. ಬಂದದ್ದು ಕೆಳಗಿನ ಬಲಗಾಜಿನ ಎದುರಿಗೆ. ಅಲ್ಲಿ, ನಮ್ಮ ಮನೆಯೊಳಗಿಂದ, ಅಷ್ಟೇ ಎತ್ತರದ, ಅಷ್ಟೇ ಸೊಕ್ಕಿನ ಇನ್ನೊಂದು ಟಗರು ಅದನ್ನು ನೆಟ್ಟ ಕಣ್ಣಿನಿಂದ ನೋಡುತ್ತಿತ್ತು. ನಮ್ಮ ಟಗರು ತಲೆ ಬಗ್ಗಿಸಿತು. ಅದೂ ಬಗ್ಗಿಸಿತು. ನಮ್ಮದು ಕಾಲು ಕೆರೆಯಿತು. ಅದೂ ಕೆರೆಯಿತು. ಇಷ್ಟು ಅಪಮಾನವನ್ನು ಯಾವ ಮರ್ಯಾದಸ್ಥ ಟಗರೂ ಸಹಿಸದು.

“ಕಾಕಾ, ಕಿಡಕಿ ಮುಚ್ಚರಿ! ಲಗೂನ ಮುಚ್ಚರಿ!” ಎಂದು ಬೀರಪ್ಪ ಚೀರಿದ.

“ಮುಚ್ಚೇ ಐತೋ!”

“ಹಂಗಾದ್ರ ಹಾಳೀ ಮ್ಯಾಲ ಏನರ ಮುಚ್ಚರಿ!”

“ಮುಚ್ಚಾಕಂತ ಹಚ್ಚಿದ ಹಾಳೀನ ಇನ್ನ ಯಾತರಲೆ ಮುಚ್ಚಲೋ?”

ಟಗರು ಹಿಂದೆ ಸರಿಯಿತು. ತಿಳಿದವರಿಗೆ ಗೊತ್ತು, ಟಗರು ಹಿಂದೆ ಸರಿಯುವುದು ಹೆದರಿ ಅಲ್ಲ. ಪಾರವ್ವ ಕಣ್ಣು ಮುಚ್ಚಿಕೊಂಡಳು. ಬೀರಪ್ಪ ಟಗರಿಗೆ ಬೈದ. ನಾನು ಎರಡೂ ಕೈ ಅಗಲಿಸಿ ಕಿಟಕಿಗೆ ಅಡ್ಡ ನಿಲ್ಲಲು ಹೊರಟೆ. ನಂತರ ಇನ್ನೊಮ್ಮೆ ವಿಚಾರ ಮಾಡಿದೆ. ವಿಚಾರವಂತನಾಗಿರುವುದರ ಲಾಭ ಇದೇ.

ಢಣ್!

ಇಲ್ಲಿ ಒಂದು ಅಂಶವನ್ನು ಎಲ್ಲರೂ ಮರೆತಿದ್ದಾರೆ. ಗಾಜು ಒಡೆದರೂ ಚೂರುಗಳು ಹೆಚ್ಚು ಉದುರಲಿಲ್ಲ. ನನ್ನ ಪಾಕ ಅವುಗಳನ್ನು ಹಿಡಿದುಕೊಂಡಿತ್ತು! ಟಗರಿಗೂ ಗಾಯವಾಗಲಿಲ್ಲ. ಅದರ ಮೂತಿ ಎರಡು ಸರಳುಗಳ ನಡುವೆ ಒಳಗೆ ತೂರಿತು. ಕೊಂಬು ಹೊರಗೆ ಉಳಿದವು. ಹಾಳೆಯ ತುಂಡೊಂದು ಹಣೆಗೆ ಮೆತ್ತಿಕೊಂಡು, ಬಾಸಿಂಗ ಕಟ್ಟಿದ ಮದುಮಗನಂತೆ ಅದು ನಮ್ಮ ಬಾಣಂತಿ ಖೋಲಿಯನ್ನು ನಿಧಾನವಾಗಿ ಅವಲೋಕಿಸಿತು. ಎದುರಾಳಿ ಎಲ್ಲಿ ಹೋದನೆಂದು ಹುಡುಕುತ್ತಿತ್ತು, ಪಾಪ.

ಆಗ ಗಾಡಿ ಬಂತು.

ಮುಂದಿನ ಬಾಗಿಲಿನಿಂದ ಬೀಗಿತಿ ಇಳಿದರು. ಅರಿಶಿನದ ಗೋಡೆ ನೋಡಿದರು. ಹೂವು ನೋಡಿದರು. ಇರುವೆ ನೋಡಿದರು. ಆಡು ನೋಡಿದರು. ಬೀರಪ್ಪ ಟಗರಿನ ಹಿಂಗಾಲು ಹಿಡಿದು ಎಳೆಯುತ್ತಿರುವುದನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

“ಬೀಗರ, ಬಾಣಂತಿ ಖೋಲ್ಯಾಗ ಮೊದಲ ಯಾರೋ ಬಂದ ಮಲಗಿದಂಗ ಕಾಣತೈತಿ?”

ನಾನು ಪಟಗಾ ಸರಿಪಡಿಸಿಕೊಂಡೆ. “ಖೋಲಿ ತಂಪ ಐತಿ. ಒಳಗ ಹೋಗಿ ನೋಡ್ರಿ,” ಎಂದೆ. ಇದು ಖರೆಯೇ ಆಗಿತ್ತು. ಒಡೆದ ಗಾಜಿನಿಂದ ಈಗ ಗಾಳಿಯೂ ಬರುತ್ತಿತ್ತು.

“ನೋಡೂದ ಏನ ಉಳದೈತ್ರಿ? ಗಾಡಿ ತಿರಗಸೋ ತಮ್ಮಾ,” ಎಂದು ಅವರು ಡ್ರೈವರನಿಗೆ ಹೇಳಿದರು.

ಗಾಡಿಯ ಹಿಂದಿನ ಸೀಟಿನಲ್ಲಿ ನೀಲವ್ವ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಬಾಜೂಗೆ ಶಿವಲೀಲಾ, ಮುಖದ ಮೇಲೆ ಸೆರಗು ಒತ್ತಿಕೊಂಡು, ಮೈ ಅಲುಗಿಸುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಟಗರು ಒಡೆದದ್ದು ಕಿಟಕಿಯನ್ನಷ್ಟೇ. ಆ ನೋಟ ನನ್ನನ್ನು ಪೂರ್ತಿ ಒಡೆಯಿತು. ಹತ್ತಿರ ಹೋಗಿ, “ಯವ್ವಾ, ಹೋಗಿ ಬಾ. ಅಲ್ಲೇ ಆರಾಮ ಇರು,” ಎಂದೆ.

ಅವಳು ಸೆರಗು ತೆಗೆದಳು. ಮುಖವೆಲ್ಲ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು!

“ಅಪ್ಪಾ, ನಗಸಬ್ಯಾಡೋ, ಹೊಲಿಗಿ ಹರೀತಾವು! ಅದರ ಹಣಿ… ಅದರ ಹಣಿ ನೋಡ!”

ನಕ್ಕು ನಕ್ಕು ಉಸಿರು ತಿರುಗಿಸಿಕೊಂಡು, ಅತ್ತೆಯ ಕಡೆ ನೋಡಿ ಹೇಳಿದಳು: “ಅತ್ತೀ, ದವಾಖಾನ್ಯಾಗ ಎಲ್ಲಾರೂ ನನ್ನ ಮುಂದ ಪಿಸಪಿಸ ಮಾತಾಡಾಕತ್ತಿದ್ರಿ. ನನಗ ಹೆದರಿಕಿ ಹತ್ತಿಬಿಟ್ಟಿತ್ತು. ಹಡದ ಮ್ಯಾಲ ನಾ ನಕ್ಕದ್ದು ಇವತ್ತ. ನಾ ಇಲ್ಲೇ ಇಳೀತೇನಿ.”

ಇಳಿದಳು. ನೀಲವ್ವ ಕೂಸಿಗೂ ಆಕೆಗೂ ರೊಟ್ಟಿ ನಿವಾಳಿಸಿ ಒಗೆದಳು; ಅದನ್ನೂ ಆಡು ತಿಂದಿತು. ಶಿವಲೀಲಾ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಮೂರನೆಯ ವಾಕ್ಯ ಸತ್ತಿತು! ಬಾಣಂತನ ಮುಗಿಯುವವರೆಗೆ ಆಕೆ ನಮ್ಮ ಮನೆಯಲ್ಲೇ ಇದ್ದಳು. ಪಾರವ್ವನನ್ನು ಕೇಳಿ, ಬೀರಪ್ಪನನ್ನು ಕೇಳಿ.

ಬೀಗಿತಿ ಗಾಡಿಯಿಂದ ತಮ್ಮ ಚೀಲವನ್ನೂ ಇಳಿಸಿಕೊಂಡರು.

“ಹಂಗಾದ್ರ ನಾನೂ ಇರ್ತೇನಿ. ಈ ಮನ್ಯಾಗ ಬಾಣಂತೀನ ನಿಮ್ಮ ಕೈಯಾಗ ಬಿಟ್ಟ ಹೋಗೂದಿಲ್ಲ.”

ಹೀಗೆ ನಾನು ಮಗಳನ್ನು ಗೆದ್ದೆ; ಬೀಗಿತಿಯನ್ನೂ ಗೆದ್ದೆ. ಎರಡನೆಯ ಗೆಲುವನ್ನು ನಾನು ಬಯಸಿರಲಿಲ್ಲ.

ನೀಲವ್ವ ಉಂಡಿ ಕಟ್ಟಲೆಂದು ಒಳಗೆ ಹೋಗಿ ಡಬ್ಬಿ ತೆರೆದಳು. ಖಾಲಿ ಡಬ್ಬಿಯನ್ನು ಹಿಡಿದೇ ಹೊರಗೆ ಬಂದಳು.

“ಅಂಟ ಎಲ್ಲಿ?”

ನಾನು ಕಿಟಕಿಯ ಕಡೆ ಬೆರಳು ಮಾಡಿದೆ.

“ಬಾಣಂತಿ ಸೊಂಟಕ್ಕ ತಂದ ಅಂಟ ಕಿಡಕಿಗೆ ತಿನಿಸೀರೇನ್ರಿ? ಕಿಡಕಿ ಹಡದಿತ್ತೇನು?”

ನಾನು ಶಾಂತವಾಗಿ ವಿವರಿಸಿದೆ. ಹಾಳೆಗೆ ಅಂಟಿರಲಿಲ್ಲ, ಅಂಗಡಿಯವನು ಮೋಸ ಮಾಡಿದ್ದ, ನಾನು ಪರಿಹಾರ ಕಂಡುಕೊಂಡೆ. ಕೇಳುತ್ತ ನಿಂತಿದ್ದ ಬೀಗಿತಿ ಕಿಟಕಿಯ ಹತ್ತಿರ ಹೋದರು. ಒಡೆಯದೆ ಉಳಿದ ಒಂದು ಗಾಜಿನ ಹಾಳೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಎಳೆದರು. ಹೊಳೆಯುವ ಹಾಳೆ ಸುಲಭವಾಗಿ ಎದ್ದು ಬಂತು. ಆದರೆ ಗಾಜಿನ ಮೇಲೆ ಇನ್ನೊಂದು ಹಾಳೆ ಉಳಿಯಿತು! ನೀರಿನಂತೆ ತಿಳಿಯಾದ, ಇದೆಯೋ ಇಲ್ಲವೋ ಎನ್ನುವಂಥ ಹಾಳೆ. ಅದು ನನ್ನ ಪಾಕದಲ್ಲಿ ಕೂತಿತ್ತು. ಬೀಗಿತಿ ಎಳೆದ ಹಾಳೆ ಅವರ ಅಂಗೈಗೆ ಮೆತ್ತಿಕೊಂಡಿತು. ಜಾಡಿಸಿದರು, ಬಳೆಗೆ ಹತ್ತಿತು. ಬಳೆಯಿಂದ ಬಿಡಿಸಿದರು, ಸೆರಗಿಗೆ ಹತ್ತಿತು.

“ಅಂಟ ಇಲ್ಲಂದ್ರಲ್ಲ ಬೀಗರ, ಮತ್ತ ಇದೇನ ನನ್ನ ಬಿಡವಲ್ತು?”

ನಾನು ಗಾಜಿನ ಮೇಲೆ ಉಳಿದ ಹಾಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

“ಮೊಬಾಯಿಲ್ ಮ್ಯಾಲ ಹಾಳಿ ಹಚ್ಚಸೂದ ನೋಡಿಲ್ಲೇನ್ರಿ? ಮೊದಲ ಅದರ ಹಿಂದಿನ ತಿಳಿ ಹಾಳಿ ಕೀಳಬೇಕು. ಅಂಟ ಅದರ ಬುಡಕ ಇರತೈತಿ. ಅಂಗಡ್ಯಾವ ಹೇಳಲಿಲ್ಲೇನು?”

ಹೇಳುವವನಿದ್ದ. ‘ಆದ್ರ ಮೊದಲ ಅದರ’ ಎಂಬಲ್ಲಿಯವರೆಗೆ ಹೇಳಿಯೂ ಇದ್ದ.

ಆಮೇಲಿನದು ನನ್ನ ಪಾಲಿಗೆ ಕಷ್ಟದ ವಾರ. ಅದನ್ನೂ ಮುಚ್ಚಿಡುವುದಿಲ್ಲ. ಒಡೆದ ಗಾಜನ್ನು ಬದಲಿಸಿದರು. ಬೀಗಿತಿ ಹೊಳೆಯುವ ಹಾಳೆಗಳನ್ನೆಲ್ಲ ಕಿತ್ತು, ಹೊಸದನ್ನು ತರಿಸಿ, ಶಾಂಪೂ ನೀರು ಕಲಸಿ, ಅದನ್ನು ಒಳಗಿನ ಬಾಜೂ ಜಾರಿಸಿ ಕೂರಿಸಿ, ಹಳೆಯ ಪ್ಲಾಸ್ಟಿಕ್ ಪಟ್ಟಿಯಿಂದ ನೀರು ಎಳೆದು ತೆಗೆದರು. ಒಂದು ಗುಳ್ಳೆಯೂ ಉಳಿಯಲಿಲ್ಲ. ಜಾರಿಸುವ ವಸ್ತು ಹಿಡಿಸುವುದು ಹೇಗೆಂದು ಅವರಿಗೂ ಗೊತ್ತಿಲ್ಲ, ಕೇಳಿದರೆ “ಹತ್ತೈತಲ್ಲ!” ಎನ್ನುತ್ತಾರೆ. ಇದು ಉತ್ತರವಲ್ಲ. ನಾನು ಈಗಲೂ ಒಪ್ಪಿಲ್ಲ. ಹೊಸ ಅಂಟು ತರಿಸಿ ನೀಲವ್ವ ಉಂಡಿ ಕಟ್ಟಿದಳು. ಡಬ್ಬಿಗೆ ಕೀಲಿ ಹಾಕಿದಳು.

ಬೆಲ್ಲದ ಗಾಜುಗಳು ಬಿಸಿನೀರಿಗೆ ಸ್ವಚ್ಛವಾದವು. ಆದರೆ ಶುದ್ಧ ಅಂಟಿನಿಂದ ಮಾಡಿದ ಮೇಲಿನ ಎಡಗಾಜು ಯಾರಿಗೂ ಜಗ್ಗಲಿಲ್ಲ. ಅದರ ಹೊರಮೈಗೆ ನಾನು ಅಂಟಿಸಿದ್ದು ಇಂದಿಗೂ ಇದೆ. ನೀಲವ್ವ ಬಿಸಿನೀರು ಸುರಿದಳು. ಬೀಗಿತಿ ಈಳಿಗೆಯ ಅಲಗಿನಿಂದ ಕೆರೆದರು. ಅಳಿಯ ತಾನೇ ಬಂದು ಬ್ಲೇಡು ಹಿಡಿದು ಅರ್ಧ ದಿನ ಕಳೆದ. ಒಂದು ಮಳೆಗಾಲವೂ ಬಂದು ಹೋಯಿತು. ಒಂದು ಮೂಲೆಯೂ ಎದ್ದಿಲ್ಲ.

ನಾನು ಹೇಳಿದ್ದನ್ನು ನಂಬಬೇಡಿ. ಯಾರ ಮಾತನ್ನೂ ನಂಬಬೇಡಿ. ಮೇಲವಂಕಿಗೆ ಬನ್ನಿ, ಬೇವಿನಮರದ ಎದುರಿನ ಮನೆಯ ಕಿಟಕಿಯ ಮುಂದೆ ನಿಂತು, ಉಗುರು ಹಾಕಿ ಪರೀಕ್ಷಿಸಿ. ಬೆರಳಿಗೆ ತಾಗುವುದು ನೀರಿನಂತೆ ತಿಳಿಯಾದ ಒಂದು ಹಾಳೆ: ಜಗತ್ತಿನಲ್ಲಿ ಎಲ್ಲರೂ ಮೊದಲು ಕಿತ್ತು ಕಸಕ್ಕೆ ಒಗೆಯುವಂಥದ್ದು. ಅದನ್ನು ಇಷ್ಟು ಭದ್ರವಾಗಿ ಗಾಜಿಗೆ ಅಂಟಿಸಿದ ಇನ್ನೊಬ್ಬ ಮನುಷ್ಯ ಈ ಮೂರು ತಾಲೂಕುಗಳಲ್ಲಿ ಇದ್ದರೆ, ದಯವಿಟ್ಟು ಅವನನ್ನೂ ಕರೆದುಕೊಂಡು ಬನ್ನಿ. ನನಗೆ ಮಾತಾಡಲು ಒಬ್ಬರು ಬೇಕಾಗಿದ್ದಾರೆ.